ಇಳಿಯುವ ಕೈ

"ಎಲ್ಲೋಯ್ತು ಕೈ? ಬಲಗೈ ಎಲ್ಲೋಯ್ತು ಅಂತ ಕೇಳ್ತಾವ್ನಿ!"

ಮುನಿರಾಮಯ್ಯ ಕೈಗೆ ತೊಟ್ಟಿದ್ದ ಚರ್ಮದ ಪ್ಯಾಡಿನಿಂದ ಹಾಜಿರಾಳ ಬಲಗೆನ್ನೆಗೆ ತಟ್ಟಿದ. ತಟ್ಟಿದ ಎನ್ನುವುದು ಅವನ ಲೆಕ್ಕದಲ್ಲಿ. ನೋಡುವವರ ಕಣ್ಣಿಗೆ ಅದು ಬಾರಿಸಿದಂತೆಯೇ ಇತ್ತು. ಹಾಜಿರಾ ಒಂದು ಹೆಜ್ಜೆ ಹಿಂದೆ ಸರಿದು, ಬಲಗೈ ಎತ್ತಿ ಕೆನ್ನೆಗೆ ಒತ್ತಿಕೊಂಡು, ಮತ್ತೆ ಎಡಗೈ ಬೀಸಿದಳು. ಎಡಗೈ ಹೋಗಿ ಪ್ಯಾಡಿಗೆ ಬಡಿಯುವಷ್ಟರಲ್ಲಿ ಬಲಗೈ ಕೆನ್ನೆ ಬಿಟ್ಟು ಸೊಂಟದ ಹತ್ತಿರ ಇಳಿದಿತ್ತು. ಮತ್ತೆ ಪಟ್ಟೆಂದು ಬಿತ್ತು.

"ಮಗಾ, ನಾನೇನ್ ಹೇಳ್ಕೊಟ್ಟಿವ್ನಿ? ಎಡಗೈ ಹೊಡೆಯಾಕೆ, ಬಲಗೈ ಕಾಯಾಕೆ. ಕೆನ್ನೆ ತಾವ ಕೈ ಇಲ್ದೆ ವೋದ್ರೆ ಬಾಗ್ಲು ತೆಗೆದಿಟ್ಟು ಊರಿಗ್ ವೋದಂಗೆ ಕಣವ್ವ. ಯಾರ್ ಬೇಕಾದ್ರೂ ಒಳೀಕ್ ಬತ್ತಾರೆ."

"ನಾನು ಇಳಿಸಲ್ಲ ಸಾರ್," ಎಂದಳು ಹಾಜಿರಾ ಏದುಸಿರು ಬಿಡುತ್ತಾ. "ಅದೇ ಇಳೀತೈತೆ."

"ಅದೇ ಇಳೀತೈತಂತೆ! ಕೈ ಏನ್ ನಿಂದಾ, ಪಕ್ಕದ್ ಮನೆಯವ್ರುದಾ?"

ಮೂಲೆಯಲ್ಲಿ ಹಗ್ಗ ಜಿಗಿಯುತ್ತಿದ್ದ ಹುಡುಗರು ಕಿಸಕ್ಕೆಂದು ನಕ್ಕರು. ಹಾಜಿರಾ ನಗಲಿಲ್ಲ. ಅವಳ ಬಲಗೆನ್ನೆ ಕೆಂಪಗೆ ಊದಿಕೊಂಡಿತ್ತು.

ಅದು ಮೊದಲು ರೇಷ್ಮೆಗೂಡು ತುಂಬಿಡುತ್ತಿದ್ದ ಗೋದಾಮು. ಈಗಲೂ ಮಳೆ ಬಂದರೆ ಗೋಡೆಯಿಂದ ಗೂಡಿನ ವಾಸನೆ ಏಳುತ್ತಿತ್ತು. ತಗಡಿನ ಸೂರು, ತೊಲೆಯಿಂದ ಇಳಿಬಿಟ್ಟ ಎರಡು ಮರಳಿನ ಚೀಲ, ಗೂಟ ನೆಟ್ಟು ಹಗ್ಗ ಬಿಗಿದ ಒಂದು ಚೌಕ, ಇಷ್ಟೇ ಮುನಿರಾಮಯ್ಯನ ಸಂಪತ್ತು. ಕೋಡಿಹಳ್ಳಿ ಕಡೆಯವನಾದ ಅವನು ಮಿಲಿಟರಿ ಸೇರಿ, ಅಲ್ಲಿ ಬಾಕ್ಸಿಂಗ್ ಕಲಿತು, ಪಿಂಚಣಿ ಬಂದ ಮೇಲೆ ರಾಮನಗರದಲ್ಲಿ ಮನೆ ಮಾಡಿದವನು. ಗರಡಿ, ಕುಸ್ತಿ ಅಂದರೆ ಊರಿಗೆ ಗೊತ್ತು. ಈ ಗುದ್ದಾಟ ಯಾವ ಪುರುಷಾರ್ಥಕ್ಕೆ ಎಂದು ಕೇಳುವವರೇ ಎಲ್ಲ. ಹಳೆಯ ಕುಸ್ತಿಪಟು ಸಿದ್ದಯ್ಯ, ಇವನ ಜೊತೆ ದಿನಾ ಟೀ ಕುಡಿಯುವ ಸ್ನೇಹಿತ, ಅವನೂ ಕೇಳುತ್ತಿದ್ದ: "ಅಲ್ಲಾ ಕಣ್ಲಾ, ಇಷ್ಟ್ ವರ್ಸದಿಂದ ಗುದ್ದುಸ್ತಾ ಇದ್ದೀಯ. ಒಬ್ನಾದ್ರೂ ಈ ಊರ್ ದಾಟಿ ವೋಗಿ ಗೆದ್ಕಂಡ್ ಬಂದ್ನಾ?" ಒಬ್ಬನೂ ಹೋಗಿರಲಿಲ್ಲ. ಅದು ಮುನಿರಾಮಯ್ಯನಿಗೆ ಹಗಲೂ ರಾತ್ರಿ ಚುಚ್ಚುತ್ತಿದ್ದ ಮುಳ್ಳು.

ಹಾಜಿರಾ ಬಂದ ಮೇಲೆ ಅವನಿಗೆ ಹೊಸ ಆಸೆ ಹುಟ್ಟಿತ್ತು. ತಂದೆ ಇಲ್ಲದ ಹುಡುಗಿ. ತಾಯಿ ಅಖ್ತರಿಯನ್ನು ಕಟ್ಟಿಕೊಂಡು, ಸೋದರಮಾವ ಮುಕ್ತಿಯಾರ್‌ನ ರೀಲಿಂಗ್ ಯೂನಿಟ್ಟಿನಲ್ಲಿ ನೂಲು ತೆಗೆದು ಬದುಕುವವಳು. ಮೊದಮೊದಲು ಕೆಲಸ ಮುಗಿಸಿ ಹೋಗುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ದಿನ "ನೋಡಿದ್ ಸಾಕು, ಬಾರವ್ವ ಒಳೀಕೆ" ಎಂದು ಇವನೇ ಕರೆದ. ಗ್ಲೌಸು ತೊಡಿಸಿ ಚೀಲದ ಮುಂದೆ ನಿಲ್ಲಿಸಿದರೆ, ಅವಳ ಮೊದಲ ಏಟಿಗೇ ತೊಲೆ ಕಿರ್ರೆಂದಿತು. ಎಂಥ ಕಾಲು, ಎಂಥ ಕಣ್ಣು! ಎದುರಾಳಿಯ ಭುಜ ಅಲುಗಿದರೆ ಸಾಕು, ಏಟು ಎಲ್ಲಿಗೆ ಬರುತ್ತದೆ ಎಂದು ಅವಳಿಗೆ ತಿಳಿಯುತ್ತಿತ್ತು. ಅವಳಲ್ಲಿ ಇಲ್ಲದ್ದು ಒಂದೇ, ನಿಂತಲ್ಲಿ ನಿಲ್ಲುವ ಬಲಗೈ.

ಆ ವರ್ಷ ರಾಜ್ಯಮಟ್ಟದ ಪಂದ್ಯದಲ್ಲಿ ಚಿನ್ನ ಗೆದ್ದ ಹುಡುಗಿಯರನ್ನು ಆಟಗಾರರ ಕೋಟಾದಲ್ಲಿ ಪೊಲೀಸ್ ಕೆಲಸಕ್ಕೆ ಕರೆಯುತ್ತಾರೆ ಎಂಬ ಸುದ್ದಿ ಬಂದಿತ್ತು. ಹಾಜಿರಾ ಅದನ್ನು ಕೇಳಿದ ದಿನದಿಂದ ಬೇರೆ ಮಾತೇ ಆಡುತ್ತಿರಲಿಲ್ಲ. "ಕಾಕಿ ಬಟ್ಟೆ ಸಾರ್. ಮಳೆಗಾಲ ಬೇಸಿಗೆ ಅನ್ನಂಗಿಲ್ಲ, ತಿಂಗ್ಳಾದ್ರೆ ಸಂಬ್ಳ. ಅಮ್ಮೀನ ಆ ಹೊಗೆ ಬೀದಿಯಿಂದ ಆಚೆ ಕರ್ಕೊಂಡೋಗ್ಬುಡ್ತೀನಿ." ಮುನಿರಾಮಯ್ಯನೂ ಅದನ್ನೇ ಜಪಿಸುತ್ತಿದ್ದ. ಗೆಲ್ಲುವವಳು ಅವಳಾದರೂ, ಗೆಲ್ಲಿಸಿದವನು ಇವನಲ್ಲವೇ?

ಅದಕ್ಕೇ ಅವನು ಮಾಡದ ಉಪಾಯವಿರಲಿಲ್ಲ. ಅವಳ ಬಲ ಮಣಿಕಟ್ಟಿಗೆ ದಾರ ಹಾಕಿ ಕೊರಳಿಗೆ ಕಟ್ಟಿ ಆಡಿಸಿದ. ದಾರ ಇರುವವರೆಗೂ ಕೈ ಸಾಧುವಾಗಿತ್ತು, ಬಿಚ್ಚಿದ ಕೂಡಲೇ ಇಳಿಯಿತು. ಒಂದು ರೇಷ್ಮೆಗೂಡು ತಂದು ಅವಳ ಮುಷ್ಟಿಗೂ ಕೆನ್ನೆಗೂ ನಡುವೆ ಸಿಕ್ಕಿಸಿ, "ಇದು ಬಿದ್ರೆ ಮೊದ್ಲಿಂದ ಶುರು" ಎಂದ. ಗೂಡು ಬಿತ್ತು. ಮತ್ತೆ ಸಿಕ್ಕಿಸಿದರೆ ಮತ್ತೆ ಬಿತ್ತು. ಬಿದ್ದಾಗಲೆಲ್ಲ ಹಾಜಿರಾ ಅದನ್ನೆತ್ತಿ ದೂಳು ಒರೆಸಿ, "ಒಳ್ಳೇ ಗೂಡು ಸಾರ್, ಪೆಟ್ಟಾಗ್ತೈತೆ" ಎಂದು ಮರುಗುತ್ತಿದ್ದಳು. ಮುನಿರಾಮಯ್ಯನ ಪಿತ್ತ ನೆತ್ತಿಗೇರುತ್ತಿತ್ತು. "ಗೂಡಿಗ್ ಪೆಟ್ಟಾದ್ರೆ ಮರುಗ್ತೀಯ, ಮುಸುಡಿಗ್ ಬಿದ್ರೆ ಪರ್ವಾಗಿಲ್ವಾ? ಸೋಮಾರಿತನ ಕಣೆ ಇದು, ಬರೀ ಸೋಮಾರಿತನ!"

ಅವಳನ್ನು ಸಂಜೆ ಇನ್ನೊಂದಿಷ್ಟು ಬೇಗ ಬಿಡು ಎಂದು ಮುಕ್ತಿಯಾರ್‌ನನ್ನು ಕೇಳಲು ಒಂದು ದಿನ ಅವನೇ ಯೂನಿಟ್ಟಿಗೆ ಹೋದ. ಬಾಗಿಲು ದಾಟುತ್ತಲೇ ಹಬೆ ಮುಖಕ್ಕೆ ಹೊಡೆಯಿತು. ಬೆಂದ ಹುಳದ ವಾಸನೆ, ಸೌದೆ ಒಲೆಯ ಹೊಗೆ, ತಿರುಗುವ ರಾಟೆಗಳ ಗಿರಗಿರ. ಕಣ್ಣು ಉಜ್ಜಿಕೊಂಡು ನೋಡಿದರೆ, ಬಿಸಿನೀರಿನ ಬೇಸಿನ್ನುಗಳ ಸಾಲಿನಲ್ಲಿ ಹಾಜಿರಾ ಬೆನ್ನು ಮಾಡಿ ಕೂತಿದ್ದಳು. ಎಡಗೈಯಲ್ಲಿ ಎಳೆಗಳ ಗೊಂಚಲು. ಬಲಗೈ ನೀರಿನ ಮೇಲಕ್ಕೆ ಇಳಿದು, ಕಣ್ಣಿಗೆ ಕಾಣದ ಒಂದು ಎಳೆಯನ್ನು ಹಿಡಿದು, ಮೇಲೆ ಓಡುತ್ತಿದ್ದ ನೂಲಿಗೆ ಚಕ್ಕನೆ ತಾಗಿಸಿ, ತಾಗಿಸಿದ ಕ್ಷಣವೇ ಮತ್ತೆ ನೀರಿಗೆ ಇಳಿಯುತ್ತಿತ್ತು. ಮೇಲೆ ಹೋದ ಕೈ ಅಲ್ಲಿ ಅರೆಗಳಿಗೆಯೂ ನಿಲ್ಲುತ್ತಿರಲಿಲ್ಲ. ನಿಂತರೆ ಮುಂದಿನ ಎಳೆ ತಪ್ಪುತ್ತದೆ, ನೂಲು ಸಣ್ಣಗಾಗಿ ಕಡಿದುಹೋಗುತ್ತದೆ.

ಮುನಿರಾಮಯ್ಯ ಬಾಯಿ ತೆರೆದುಕೊಂಡು ನಿಂತುಬಿಟ್ಟ. ಹೊಡಿ, ಇಳಿಸು. ಹೊಡಿ, ಇಳಿಸು. ಗೋದಾಮಿನಲ್ಲಿ ತಾನು ಇಷ್ಟು ದಿನ ಬೈದದ್ದು ಇದನ್ನೇ. ಕೆನ್ನೆಗೆ ಬಾರಿಸಿದ್ದೂ ಇದಕ್ಕೇ. ಅವನಿಗೆ ನಾಚಿಕೆಯಾಯಿತು.

"ಏನ್ ಮುನ್ರಾಮಣ್ಣ, ಈ ಕಡೆ?" ಮುಕ್ತಿಯಾರ್ ಬಂದು ಪಕ್ಕದಲ್ಲಿ ನಿಂತ. "ನಮ್ ಹುಡ್ಗೀನ ನೋಡಾಕೆ ಬಂದ್ರಾ? ನೋಡಿ, ನೋಡಿ. ಇಡೀ ಮೊಹಲ್ಲಾದಾಗೆ ಇಂಥಾ ಕೈ ಇಲ್ಲ. ಸಣ್ಣ ಹುಡ್ಗಿ ಇದ್ದಾಗ್ಲಿಂದ ಕೂತವ್ಳೆ. ನಿದ್ದೆಗಣ್ಣಾಗೆ ಕೂರ್ಸಿದ್ರೂ ಎಳೆ ಕಡಿಯಾಕ್ ಬುಡಲ್ಲ."

"ಅದೇ ಕಣಪ್ಪ ಕಷ್ಟ," ಎಂದ ಮುನಿರಾಮಯ್ಯ. ಮುಕ್ತಿಯಾರ್‌ಗೆ ಅರ್ಥವಾಗಲಿಲ್ಲ.

ಆ ಸಂಜೆಯೇ ಅವನು ಅಖ್ತರಿಯ ಮನೆಗೆ ಹೋದ. ಒಂದೇ ಕೋಣೆಯ ಮನೆ. ಅಖ್ತರಿ ಹೊಸಲಿನ ಬಳಿ ಗೋಡೆಗೊರಗಿ ಕೂತಿದ್ದಳು, ತೆಳ್ಳಗೆ, ಕೊರಳ ಎಲುಬು ಎದ್ದು ಕಾಣುವಂತೆ. ಬೇಸಿನ್ ಮುಂದೆ ಕೂತು ಕೂತು ದಮ್ಮು ಹತ್ತಿ, ಡಾಕ್ಟರು ಬೈದ ಮೇಲೆ ಕೆಲಸ ಬಿಟ್ಟವಳು. ಹಾಜಿರಾ ಒಳಗೆ ಟೀ ಕಾಸುತ್ತಿದ್ದಳು. ಮುನಿರಾಮಯ್ಯ ಸುತ್ತಿಬಳಸಿ ಹೇಳುವವನಲ್ಲ.

"ನೋಡಮ್ಮ, ನಿನ್ ಮಗ್ಳು ಗೆಲ್ಲೋವಂತಾ ಹುಡ್ಗೀನೇ. ಆದ್ರೆ ಆ ಕೈ ದಿನಾ ಬೇಸಿನ್ನಿಗೆ ಇಳೀತಿರೋ ಗಂಟ ನನ್ ಮಾತು ಕೇಳಾಕಿಲ್ಲ. ಪಂದ್ಯ ಮುಗಿಯೋ ಗಂಟ ಅವ್ಳು ಆ ಕೆಲ್ಸ ಮುಟ್ಬಾರ್ದು."

ಅಖ್ತರಿ ಗೋಡೆ ಬಿಟ್ಟು ನೆಟ್ಟಗೆ ಕೂತಳು. "ಬೇಸಿನ್ ಬುಟ್ರೆ ಕೈ ಮ್ಯಾಲೆ ನಿಲ್ತೈತಾ ಮೇಷ್ಟ್ರೇ?"

"ನಿಲ್ತೈತೆ. ನಾನ್ ನಿಲ್ಲಿಸ್ತೀನಿ."

"ಗೆಲ್ತಾಳಾ?"

"ಗೆಲ್ತಾಳೆ."

"ಗೆದ್ರೆ ಕೆಲ್ಸ ಕೊಡ್ತಾರಾ?"

ಅದು ಅವನಿಗೂ ಗೊತ್ತಿರಲಿಲ್ಲ. ಆದರೂ "ಕೊಡ್ತಾರೆ" ಎಂದ.

"ಹಂಗಾದ್ರೆ ಅವ್ಳ ಜಾಗ್ದಾಗೆ ನಾನ್ ಕೂತ್ಕೋತೀನಿ. ಜಾಗ ಖಾಲಿ ಬುಟ್ರೆ ನಮ್ಮಣ್ಣ ಬ್ಯಾರೆಯವ್ರನ್ನ ಕೂರಿಸ್ಕೊಂಡ್ಬುಡ್ತಾನೆ."

ಹಾಜಿರಾ ಟೀ ಲೋಟ ಹಿಡಿದು ಬಂದವಳು ನಿಂತಲ್ಲೇ ಕಿರುಚಿದಳು. "ಅಮ್ಮೀ! ತಲೆ ಕೆಟ್ಟೈತಾ ನಿಂಗೆ? ಹೊಗೆ ತಾವ ವೋಗ್ಲೇಬೇಡ ಅಂತ ಡಾಕ್ಟ್ರು ಬಯ್ದಿಲ್ವಾ? ಸಾರ್, ಅಮ್ಮೀಗೆ ಆಗಲ್ಲ ಸಾರ್. ದಮ್ಮು ಐತೆ. ನೀವಾದ್ರೂ ಹೇಳಿ."

"ಸುಮ್ಕಿರೇ, ಬಾಯ್ ಮುಚ್ಕೊಂಡು. ಒಸಿ ದಿನ ತಾನೆ?" ಎಂದು ಅಖ್ತರಿ ಮಗಳನ್ನು ಗದರಿದಳು.

ಇಬ್ಬರೂ ಮುನಿರಾಮಯ್ಯನ ಕಡೆ ತಿರುಗಿದರು. ಬೇಡ ಎಂದು ಅವನೊಬ್ಬ ಹೇಳಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಹೇಳಬೇಕು ಎಂದು ಅವನ ನಾಲಿಗೆಯ ತುದಿಗೂ ಬಂತು. ಆದರೆ ಹಾಳು ಆಸೆ! ಕೊರಳಲ್ಲಿ ಚಿನ್ನದ ಪದಕ ಹಾಕಿಕೊಂಡ ಹುಡುಗಿ, ಪಕ್ಕದಲ್ಲಿ ತಾನು, ಟೀ ಅಂಗಡಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತ ಸಿದ್ದಯ್ಯ, ಎಲ್ಲವೂ ಕಣ್ಣ ಮುಂದೆ ಬಂದುಬಿಟ್ಟಿತು. ಅವನು ಟೀ ಲೋಟ ತೆಗೆದುಕೊಂಡು, "ಒಸಿ ದಿನ ಅಷ್ಟೆ ಕಣವ್ವ" ಎಂದ.

ಬೇಸಿನ್ ಬಿಟ್ಟ ಕೈ ಒಂದು ವಾರ ದಿಕ್ಕು ತಪ್ಪಿದಂತೆ ಆಡಿತು. ಆಮೇಲೆ ನಿಧಾನಕ್ಕೆ ದಾರಿಗೆ ಬಂತು. ಬಿಸಿನೀರಲ್ಲಿ ನೆನೆದು ಬೆಳ್ಳಗೆ ಸುಲಿದುಹೋಗಿದ್ದ ಬೆರಳುಗಳ ಚರ್ಮ ಒಣಗಿ ಗಟ್ಟಿಯಾಯಿತು. ಒಂದು ಸಂಜೆ ಮುನಿರಾಮಯ್ಯ ಎಂದಿನಂತೆ ಅವಳ ಬಲಗೆನ್ನೆಗೆ ಪ್ಯಾಡು ಬೀಸಿದರೆ, ಅದು ಕೆನ್ನೆಗೆ ತಾಗಲಿಲ್ಲ, ಗ್ಲೌಸಿಗೆ ತಾಗಿತು. ಅವನು ನಂಬದೆ ಇನ್ನೊಮ್ಮೆ ಬೀಸಿದ. ಕೈ ಅಲ್ಲೇ ಇತ್ತು. "ಶಭಾಷ್!" ಎಂದು ಅವನು ಕೂಗಿದ ಕೂಗಿಗೆ ಸೂರಿನ ಪಾರಿವಾಳಗಳು ಹಾರಿಹೋದವು.

ಅಲ್ಲಿಂದ ಮುಂದೆ ಹಬ್ಬ. ಬಲಗೈ ಕಾಯುವುದನ್ನು ಕಲಿತ ಮೇಲೆ ಅದಕ್ಕೆ ಹೊಡೆಯುವುದನ್ನೂ ಕಲಿಸಿದ. "ಏಟು ಕೈಯಾಗಿಲ್ಲ ಮಗಾ, ಕಾಲಾಗೈತೆ. ಮೊದ್ಲು ಹಿಮ್ಮಡಿ ತಿರುಗ್ಬೇಕು, ಆಮ್ಯಾಕೆ ಸೊಂಟ, ಆಮ್ಯಾಕೆ ಭುಜ. ಕೈ ಕಟ್ಟಕಡೇಗೆ. ಮೊದ್ಲೆರ್ಡು ಗೆಣ್ಣು ತಾಗ್ಬೇಕು. ತಾಗಿದ್ ಮ್ಯಾಲೆ ಅಲ್ಲಿ ಸುಖ ದುಃಖ ಮಾತಾಡ್ತಾ ನಿಂತ್ಕೋಬಾರ್ದು, ವೋದ ದಾರೀಲೇ ವಾಪಸ್ ಬಂದು ಕೆನ್ನೆ ತಾವ ಕೂರ್ಬೇಕು." ಹಾಜಿರಾ ಹೊಡೆದಳು. ಕೈ ಹೋಯಿತು, ಬಂತು, ಕೂತಿತು. ಸಿದ್ದಯ್ಯ ಬಂದು ನೋಡಿ, ತಲೆದೂಗಿ, "ಆಗ್ಲಿ ಬುಡು" ಎಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆಯೇ.

"ಅಮ್ಮಿ ಹೆಂಗವ್ರೆ?" ಎಂದು ಮುನಿರಾಮಯ್ಯ ಆಗಾಗ ಕೇಳುತ್ತಿದ್ದ. "ಅವ್ಳು ಸರಿಯಾಗ್ ಹೇಳಲ್ಲ ಸಾರ್" ಎನ್ನುತ್ತಿದ್ದಳು ಹಾಜಿರಾ. ಅವನು ಮತ್ತೆ ಕೆದಕುತ್ತಿರಲಿಲ್ಲ.

ಜಡಿಮಳೆ ಹಿಡಿದು ಹೊಗೆ ಸೂರು ಬಿಟ್ಟು ಏಳದಂಥ ಒಂದು ದಿನ ಹಾಜಿರಾ ಅಭ್ಯಾಸಕ್ಕೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮುನಿರಾಮಯ್ಯ ವಿಚಾರಿಸಿಕೊಂಡು ಆಸ್ಪತ್ರೆಗೆ ಹೋದರೆ, ಅಖ್ತರಿ ಮೂಗು ಬಾಯಿಗೆ ಆಕ್ಸಿಜನ್ ಮುಸುಕು ಹಾಕಿಸಿಕೊಂಡು ದಿಂಬಿಗೊರಗಿ ಕೂತಿದ್ದಳು. ಬೇಸಿನ್ ಮುಂದೆಯೇ ಉಸಿರು ಸಿಕ್ಕಿಕೊಂಡು ಬಿದ್ದಿದ್ದಳಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದಳು ನರ್ಸು. ಮುನಿರಾಮಯ್ಯ ಮಂಚದ ಕಾಲ ಬಳಿ ನಿಂತ. ಅಖ್ತರಿಗೆ ಮಾತಾಡಲು ಉಸಿರಿರಲಿಲ್ಲ. ತನ್ನ ಬಲಗೈಯನ್ನು ಮೆಲ್ಲಗೆ ಎತ್ತಿ ಕೆನ್ನೆಗೆ ಇಟ್ಟುಕೊಂಡು, ಹುಬ್ಬು ಮೇಲೆತ್ತಿ ಅವನನ್ನು ನೋಡಿದಳು. ಕೈ ನಿಂತಿತಾ ಎಂದು ಕೇಳುತ್ತಿದ್ದಳು. ಅವನು ಹೌದು ಎಂದು ತಲೆಯಾಡಿಸಿ, ಮುಖ ತಿರುಗಿಸಿಕೊಂಡು ಹೊರಗೆ ಬಂದುಬಿಟ್ಟ.

ಹಾಜಿರಾ ಮತ್ತೆ ಬೇಸಿನ್ ಮುಂದೆ ಕೂತಳು. ಬೇರೆ ದಾರಿಯಿರಲಿಲ್ಲ. ಹಗಲು ಯೂನಿಟ್ಟು, ಆಮೇಲೆ ಆಸ್ಪತ್ರೆ, ಕತ್ತಲಾಗುವ ಹೊತ್ತಿಗೆ ಗೋದಾಮು. ಮೊದಲ ನಾಲ್ಕಾರು ದಿನ ಕೈ ಕೆನ್ನೆ ಬಿಡಲಿಲ್ಲ. ಆಮೇಲೆ ದಣಿದಾಗ ಇಳಿಯತೊಡಗಿತು. ಆಮೇಲೆ ದಣಿಯದಿದ್ದರೂ ಇಳಿಯಿತು. ಮುನಿರಾಮಯ್ಯ ಪ್ಯಾಡು ಬೀಸುವುದನ್ನೇ ನಿಲ್ಲಿಸಿದ. ಬೀಸಿದರೆ ಅದು ಕೆನ್ನೆಗೆ ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. "ಈ ಸಲ ಬ್ಯಾಡ ಮಗಾ. ಮುಂದಿನ್ ವರ್ಸ ನೋಡಾನ" ಎಂದು ಒಮ್ಮೆ ಮೆಲ್ಲಗೆ ಹೇಳಿ ನೋಡಿದ.

"ಮುಂದಿನ್ ವರ್ಸ ಅಮ್ಮಿ ಇರ್ತಾಳಾ ಸಾರ್?" ಎಂದಳು ಹಾಜಿರಾ. ಅವಳು ಸಿಟ್ಟಿನಿಂದ ಹೇಳಲಿಲ್ಲ. ಅದೇ ಅವನಿಗೆ ಹೆಚ್ಚು ತಾಗಿತು. ಮತ್ತೆ ಅವನು ಬೇಡ ಎನ್ನಲಿಲ್ಲ.

ಬೆಂಗಳೂರಿಗೆ ಮೂವರೂ ಹೋದರು. ಸಿದ್ದಯ್ಯ ನೀರಿನ ಬಾಟಲಿ, ಬಕೆಟ್ಟು ಹೊತ್ತುಕೊಂಡು ಬಂದ. ಮೊದಲ ಪಂದ್ಯಗಳಲ್ಲಿ ಎದುರಾಳಿಗಳು ಸಾಮಾನ್ಯದವರು. ಹಾಜಿರಾಳ ಎಡಗೈಯ ಏಟುಗಳಿಗೇ ತತ್ತರಿಸಿದರು, ಅವಳ ಬಲಗೈ ಎಲ್ಲಿದೆ ಎಂದು ನೋಡುವ ಪುರುಸೊತ್ತೇ ಅವರಿಗೆ ಸಿಗಲಿಲ್ಲ. ಫೈನಲ್ಲಿಗೆ ಬಂದವಳು ಹಾಗಲ್ಲ. ಉದ್ದ ಕೈಯ, ತಣ್ಣನೆಯ ಕಣ್ಣಿನ ಹುಡುಗಿ. ಮೊದಲೆರಡು ಸುತ್ತು ಹೊಡೆತ ತಿನ್ನುತ್ತಲೇ ಹಾಜಿರಾಳನ್ನು ಓದಿಕೊಂಡಳು. ಮುನಿರಾಮಯ್ಯನ ಲೆಕ್ಕದಲ್ಲಿ ಹಾಜಿರಾ ಅಂಕಗಳಲ್ಲಿ ಮುಂದಿದ್ದಳು. ಮೂರನೆಯ ಸುತ್ತಿನಲ್ಲಿ ಹಾಜಿರಾ ಎಡಗೈ ಬೀಸಿದ್ದೇ ತಡ, ಆ ಹುಡುಗಿ ಒಳಗೆ ನುಗ್ಗಿ, ಪಕ್ಕದಿಂದ ಕೊಕ್ಕೆಯಂತೆ ಎಡಗೈ ತಿರುಗಿಸಿದಳು. ಏಟು ಬಲಗಣ್ಣಿನ ಮೇಲೆ ಕೂತಿತು. ಹಾಜಿರಾ ಮುಂದಕ್ಕೆ ನುಗ್ಗಿ ಹೊಡೆದಳು, ಕೈ ಇಳಿಯಿತು, ಮತ್ತೆ ಅದೇ ಕಣ್ಣಿಗೆ.

"ಕೈ! ಕೈ ಮಗಾ, ಕೈ!" ಮುನಿರಾಮಯ್ಯ ಗಂಟಲು ಹರಿದುಕೊಂಡ. ಅವಳಿಗೆ ಕೇಳುತ್ತಿತ್ತು. ಕೇಳಿದೊಡನೆ ಎತ್ತುತ್ತಿದ್ದಳು. ಮುಂದಿನ ಏಟಿಗೆ ಅದು ತಾನಾಗಿ ಇಳಿಯುತ್ತಿತ್ತು.

ಗಂಟೆಯಾದ ಮೇಲೆ ಅವಳು ಸ್ಟೂಲಿನ ಮೇಲೆ ಬಂದು ಕೂತಾಗ ಬಲಗಣ್ಣು ಕೆಂಡದಂತಾಗಿ ನೀರು ಸುರಿಸುತ್ತಿತ್ತು. ಮುನಿರಾಮಯ್ಯ ಎರಡು ಬೆರಳು ಎತ್ತಿ ಹಿಡಿದ. "ಎಷ್ಟು?"

"ಎರಡು ಸಾರ್."

ಎರಡು ಕಣ್ಣೂ ತೆರೆದಿರುವಾಗ ಕೇಳಿದ ಪ್ರಶ್ನೆ ಅದು. ಒಂದನ್ನು ಮುಚ್ಚಿ ಕೇಳಬೇಕು ಎಂದು ಮಿಲಿಟರಿಯಲ್ಲಿ ಅವನಿಗೆ ಹೇಳಿಕೊಟ್ಟಿದ್ದರು. ಅವನು ಹಾಗೆ ಕೇಳಲಿಲ್ಲ.

"ಒಸಿ ಮಿಂಚು ಮಿಂಚು ಹೊಡ್ದಂಗ್ ಆಗ್ತೈತೆ ಸಾರ್. ಪಕ್ಕದಾಗೆ."

"ನೀರ್ ಕುಡಿ," ಎಂದ ಅವನು.

ಸಿದ್ದಯ್ಯ ಬಾಗಿ ಅವಳ ಕಣ್ಣು ನೋಡಿದ. ಮುನಿರಾಮಯ್ಯನ ತೋಳು ಹಿಡಿದು ಎಳೆದು, ಕಿವಿಯ ಹತ್ತಿರ, "ಟವಲ್ ಎಸೆದು ಸೋಲೊಪ್ಕಂಡ್ಬುಡ್ಲಾ. ಸಾಕು. ಮಗೀನ ಕಣ್ಣು ವೋಯ್ತದೆ ಕಣ್ಲಾ" ಎಂದ.

"ಒಂದೇ ಸುತ್ತು ಐತೆ. ಮುಂದವ್ಳೆ ಅವ್ಳು."

"ಮುಂದಿದ್ರೆ ಏನ್ಲಾ? ಕಣ್ಣು ಬ್ಯಾಡ್ವಾ?"

ಹಾಜಿರಾ ಕೇಳಿಸಿಕೊಂಡಳು. "ಎಸೀಬೇಡಿ ಸಾರ್," ಎಂದಳು. "ಅಮ್ಮೀ ಮ್ಯಾಲಾಣೆ, ಎಸೀಬೇಡಿ." ಹಲ್ಲಿನ ಕವಚ ಕಚ್ಚಿಕೊಂಡು ಎದ್ದು ನಿಂತಳು.

ಕೊನೆಯ ಸುತ್ತು ಎಷ್ಟು ಹೊತ್ತು ನಡೆಯಿತೋ ಮುನಿರಾಮಯ್ಯನಿಗೆ ಗೊತ್ತಿಲ್ಲ. ಹೆಗಲ ಮೇಲಿದ್ದ ಬಿಳಿ ಟವಲು ಅವನ ಕೈಗೆ ಬಂದಿತ್ತು. ಅದನ್ನು ಹಿಂಡುತ್ತಾ ನಿಂತಿದ್ದ. ಎಡಗಣ್ಣಿಂದಲೇ ನೋಡುವವಳಂತೆ ಹಾಜಿರಾ ತಲೆ ಓರೆ ಮಾಡಿಕೊಂಡು ಹೊಡೆಯುತ್ತಿದ್ದಳು. ಒಂದು ಏಟಿಗೆ ಅವಳ ಮಂಡಿ ಕುಸಿಯಿತು, ರೆಫರಿ ಎಣಿಸಿದ, ಅವಳು ನೆಟ್ಟಗೆ ನಿಂತಳು. ಎಸೆದುಬಿಡು ಎಂದು ಸಿದ್ದಯ್ಯ ಕಿರುಚುತ್ತಿದ್ದ. ಎಸೆಯಬೇಕು, ಈಗ ಎಸೆಯಬೇಕು ಎಂದು ಮುನಿರಾಮಯ್ಯನ ಮನಸ್ಸೂ ಕಿರುಚುತ್ತಿತ್ತು. ಆದರೆ ಎಸೆದರೆ ಎಲ್ಲ ಮುಗಿಯುತ್ತದೆ. ಆಸ್ಪತ್ರೆಯಲ್ಲಿ ಕೆನ್ನೆಗೆ ಕೈಯಿಟ್ಟು ಕೇಳಿದ ಆ ಹೆಂಗಸಿಗೆ ಏನು ಹೇಳುವುದು? ಹಾಗೆಂದು ಅವನು ತನಗೇ ಹೇಳಿಕೊಂಡ. ಅಖ್ತರಿಯ ಹೆಸರು ಹೇಳಿಕೊಂಡು ತನ್ನ ಆಸೆಯನ್ನೇ ಕಾಯು‌ತ್ತಿದ್ದೇನೆ ಎಂದು ಆಗಲೂ ಅವನಿಗೆ ಗೊತ್ತಿತ್ತು. ಗಂಟೆ ಬಾರಿಸಿತು.

ರೆಫರಿ ಎತ್ತಿ ಹಿಡಿದದ್ದು ಹಾಜಿರಾಳ ಕೈ. ಮುನಿರಾಮಯ್ಯ ಎಲ್ಲರೆದುರು ಗಳಗಳನೆ ಅತ್ತುಬಿಟ್ಟ. ಸಿದ್ದಯ್ಯ ಬಕೆಟ್ಟು ತೆಗೆದುಕೊಂಡು ಆ ಕಡೆ ಹೊರಟುಹೋದ.

ಊರಲ್ಲಿ ಹಾರ ಹಾಕಿದರು, ಪಟಾಕಿ ಹೊಡೆದರು. ಮುಕ್ತಿಯಾರ್ ಬಿರಿಯಾನಿ ಮಾಡಿಸಿದ. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅಖ್ತರಿ ಪದಕವನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದಳು. ಕಣ್ಣಿನ ಊತ ಇಳಿಯಿತು, ಕೆಂಪು ಹೋಯಿತು. ಸುದ್ದಿ ಸುಳ್ಳಾಗಿರಲಿಲ್ಲ, ಪೊಲೀಸ್ ಕೆಲಸಕ್ಕೆ ಕರೆಯೂ ಬಂತು. ಓಟ, ಜಿಗಿತ ಎಲ್ಲದರಲ್ಲೂ ಹಾಜಿರಾ ಮೊದಲಿಗಳಾದಳು. ಇನ್ನು ಉಳಿದದ್ದು ದೇಹದ ತಪಾಸಣೆ ಒಂದೇ.

ಆ ಬೆಳಿಗ್ಗೆ ಮುನಿರಾಮಯ್ಯನೇ ಅವಳನ್ನು ಕರೆದುಕೊಂಡು ಹೊರಟ. ಬಸ್ ಹತ್ತುವಾಗ ಅವಳ ಬಲಭುಜ ಬಾಗಿಲ ಕಂಬಿಗೆ ದಢಕ್ಕನೆ ಬಡಿಯಿತು. ಕಂಬಿ ಕಣ್ಣ ಮುಂದೆಯೇ ಇತ್ತು. ಇಳಿದ ಮೇಲೆ ಹೋಟೆಲಿನಲ್ಲಿ ಟೀ ಲೋಟಕ್ಕೆ ಕೈ ಚಾಚಿದವಳು ಅದರ ಪಕ್ಕದ ಗಾಳಿಯನ್ನು ಹಿಡಿದಳು. ಎರಡನೆಯ ಸಲಕ್ಕೆ ಲೋಟ ಸಿಕ್ಕಿತು. ಮುನಿರಾಮಯ್ಯ ಅದನ್ನು ನೋಡಿದ.

"ಕಣ್ಣು ಹೆಂಗೈತೆ ಮಗಾ?"

"ಚೆನ್ನಾಗೈತೆ ಸಾರ್."

"ಏನೂ ಇಲ್ವಾ?"

"ಏನಿಲ್ಲ ಬುಡಿ ಸಾರ್. ಟೀ ಆರ್ತೈತೆ, ಕುಡೀರಿ."

ಮತ್ತೆ ಕೇಳಲು ಅವನಿಗೆ ಧೈರ್ಯವಾಗಲಿಲ್ಲ. ಕೇಳಿ, ಅವಳು ಹೇಳಿಬಿಟ್ಟರೆ ಏನು ಮಾಡುವುದು?

ತಪಾಸಣೆಯ ಕಟ್ಟಡದ ಹಜಾರದಲ್ಲಿ ಹುಡುಗಿಯರು ಸಾಲಾಗಿ ಕೂತಿದ್ದರು. ಎತ್ತರ, ತೂಕ, ಎದೆ, ಕಿವಿ ಎಲ್ಲ ಮುಗಿಯಿತು. ಕಣ್ಣಿನ ಕೋಣೆಗೆ ಬಾಗಿಲಿರಲಿಲ್ಲ, ಹಸಿರು ಪರದೆ ಇತ್ತು. ಹೆಸರು ಕೂಗಿದಾಗ ಹಾಜಿರಾ ದುಪಟ್ಟಾ ಸರಿಮಾಡಿಕೊಂಡು ಒಳಗೆ ಹೋದಳು. ಮುನಿರಾಮಯ್ಯ ಪರದೆಯ ಪಕ್ಕದ ಬೆಂಚಿನ ಮೇಲೆ ಕೂತ.

"ಒಂದು ಕಣ್ಣು ಮುಚ್ಕೊಂಡು ಮೇಲಿಂದ ಓದ್ತಾ ಬಾರಮ್ಮ," ಎಂದರು ಡಾಕ್ಟರು. ಯಾವ ಕಣ್ಣು ಎಂದು ಹೇಳಲಿಲ್ಲ.

"ರ," ಎಂದಳು ಹಾಜಿರಾ. "ಗ... ಪ... ಲ... ಟ... ವ..." ಒಂದೊಂದು ಅಕ್ಷರವನ್ನೂ ತೂಗಿ ನೋಡುವವಳಂತೆ, ತೀರಾ ನಿಧಾನವಾಗಿ ಓದುತ್ತಿದ್ದಳು. ಯಾಕಿಷ್ಟು ನಿಧಾನ ಎಂದು ಮುನಿರಾಮಯ್ಯ ಬೆಂಚಿನ ಅಂಚು ಹಿಡಿದುಕೊಂಡ. ಆದರೆ ಅವಳು ಎಲ್ಲೂ ತಪ್ಪಲಿಲ್ಲ. ಕೊನೆಯ ಸಾಲಿನ ಸಣ್ಣ ಅಕ್ಷರದವರೆಗೂ ಹೋಗಿ ನಿಲ್ಲಿಸಿದಳು.

"ಸರಿ. ಇನ್ನೊಂದು ಕಣ್ಣು."

ಮತ್ತೆ ಅವಳ ದನಿ ಕೇಳಿತು. "ರ. ಗ, ಪ. ಲ, ಟ, ವ." ಈ ಸಲ ಎಲ್ಲೂ ನಿಲ್ಲಲಿಲ್ಲ, ತಡವರಿಸಲಿಲ್ಲ, ನೀರು ಕುಡಿದಷ್ಟು ಸಲೀಸಾಗಿ ಓದುತ್ತಾ ಹೋದಳು. ಮುನಿರಾಮಯ್ಯನಿಗೆ ಹೋದ ಜೀವ ಬಂದಂತಾಯಿತು. ಅಯ್ಯೋ ದೇವರೇ, ಸುಮ್ಮನೆ ಹೆದರಿ ಸತ್ತೆನಲ್ಲ! ಕಣ್ಣು ನೆಟ್ಟಗಿದೆ. ಆ ಮಿಂಚು, ಆ ಕಂಬಿ, ಆ ಲೋಟ, ಎಲ್ಲ ತನ್ನ ಭ್ರಮೆ. ಅವಳ ಮುಖ ನೋಡಬೇಕು ಎಂದು ಆಸೆಯಾಗಿ ಅವನು ಎದ್ದು, ಪರದೆಯ ಅಂಚನ್ನು ಬೆರಳಿನಿಂದ ಒಂದಿಷ್ಟು ಸರಿಸಿದ.

ಹಾಜಿರಾ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಗದ್ದ ಎತ್ತಿ, ಶಾಲೆಯ ಹುಡುಗಿಯ ಹಾಗೆ ನೆಟ್ಟಗೆ ನಿಂತಿದ್ದಳು. ಎದುರಿಗೆ ಡಾಕ್ಟರು ಅಕ್ಷರದ ಫಲಕಕ್ಕೆ ಬೆನ್ನು ಕೊಟ್ಟು, ಅದು ಪೂರ್ತಿ ಮರೆಯಾಗುವಂತೆ ಅದರ ಮುಂದೆ ನಿಂತು, ಅವಳನ್ನೇ ನೋಡುತ್ತಿದ್ದರು. ಹಾಜಿರಾ ನಾಲ್ಕನೆಯ ಸಾಲು ಓದುತ್ತಿದ್ದಳು.